ಎಮ್ಮೆ ಬೇಡವೆಂದ ಕಲಗಚ್ಚು

ಅರಕಲಗೂಡಿನ ಆ ಬೀದಿಯಲ್ಲಿ ಯಾರೂ ಕಲಗಚ್ಚು ಚೆಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಪಾತ್ರೆ ಗಲಬರಿಸಿದ ಮೊದಲ ನೀರು, ಎಲ್ಲವೂ ಬಾಗಿಲ ಪಕ್ಕದ ಅಗಲ ಬಾಯಿಯ ಮಡಕೆಗೆ. ಬೆಳಗ್ಗೆ ಸುಬ್ಬಮ್ಮ ತನ್ನ ಎಮ್ಮೆ ಹೊಡೆದುಕೊಂಡು ಬಂದು ಮನೆಮನೆಯಲ್ಲೂ ಕುಡಿಸುವಳು; ಸಂಜೆ ಆಯಾ ಮನೆಗೆ ಒಂದು ಚೊಂಬು ಮಜ್ಜಿಗೆ. ಇವರಿಗೂ ಖರ್ಚಿಲ್ಲ, ಅವಳಿಗೂ ಖರ್ಚಿಲ್ಲ, ಬೀದಿಯಲ್ಲಿ ನಾತವೂ ಇಲ್ಲ.

ಅಂಥ ಎಮ್ಮೆ ಒಂದು ದಿನ ಮುದ್ದಮ್ಮನ ಮನೆಯ ಮಡಕೆ ಮೂಸಿ, ಫುರ್ ಎಂದು ಉಸಿರು ಬಿಟ್ಟು ಮುಖ ತಿರುಗಿಸಿತು. ಮರುದಿನವೂ ಹಾಗೇ. ಮೂರನೆಯ ದಿನಕ್ಕೆ ಬೀದಿಯ ಬಾಯಿಗಳಿಗೆ ಕೆಲಸ ಸಿಕ್ಕಿತು. ಮಡಕೆ ತುಂಬಿಸುವವಳು ಕಟ್ಟಾಯದಿಂದ ಬಂದ ಹೊಸ ಸೊಸೆ ನಂಜಮ್ಮನೇ ತಾನೆ?

“ನಿನ್ ಕೈಗುಣ ನೆಟ್ಟಗಿಲ್ಲ ಕಣೆ,” ಎಂದಳು ಅತ್ತೆ ಮುದ್ದಮ್ಮ. “ನಾಳೆ ಪಾತ್ರೆ ನಾನ್ ತೊಳೀತೀನಿ, ಮಡಕೇನೂ ನಾನೇ ತುಂಬ್ತೀನಿ. ಎಮ್ಮೆ ಕುಡೀತು ಅನ್ನು, ನೀನು ಒಲೆ ತಾವ್ಕೂ ಬರ್ಬ್ಯಾಡ.”

ನಂಜಮ್ಮನಿಗೆ ಅಳು ಬಂತು. ಆದರೆ ಅಳುವಿನ ಹಿಂದೆಯೇ ‘ಯಾಕೆ’ ಬರುವುದು ಅವಳ ಹುಟ್ಟುಗುಣ. ಕೈಗುಣ ಅನ್ನುವುದು ಎಮ್ಮೆಯ ಮೂಗಿಗೆ ಹೇಗೆ ಗೊತ್ತಾಗುತ್ತದೆ?

ಮರುದಿನ ಎಮ್ಮೆ ಅತ್ತೆ, ಸೊಸೆ ಎಂಬ ಭೇದ ಮಾಡಲಿಲ್ಲ. ಮುದ್ದಮ್ಮ ತುಂಬಿಸಿದ ಮಡಕೆಗೂ ಫುರ್ ಎಂದಿತು. ಮುದ್ದಮ್ಮನ ಮುಖ ಹುಳ್ಳಗಾಯಿತು.

ಆಗ ನಂಜಮ್ಮ ಒಳಗಿನಿಂದ ಬೇರೆಬೇರೆಯಾಗಿ ಮೂರು ಬೋಗುಣಿ ತುಂಬಿ ತಂದಳು. ಸಿಪ್ಪೆ ಒಂದರಲ್ಲಿ, ಅಕ್ಕಿ ತೊಳೆದ ನೀರು ಇನ್ನೊಂದರಲ್ಲಿ, ಪಾತ್ರೆ ಗಲಬರಿಸಿದ ನೀರು ಮತ್ತೊಂದರಲ್ಲಿ. ಎಮ್ಮೆ ಮೊದಲ ಎರಡನ್ನು ಖಾಲಿ ಮಾಡಿತು. ಮೂರನೆಯದನ್ನು ಮುಟ್ಟಲಿಲ್ಲ. ನಂಜಮ್ಮ ಬಗ್ಗಿ ತಾನೂ ಮೂಸಿದಳು. ಗೊತ್ತಿರುವ ವಾಸನೆ! ಹಾಸನದಲ್ಲಿ ಗುಮಾಸ್ತನಾಗಿದ್ದ ಗಂಡ ಕೆಂಪಣ್ಣ ಹೋದ ಶನಿವಾರ ಹೆಮ್ಮೆಯಿಂದ ತಂದುಕೊಟ್ಟಿದ್ದ, ಪಾತ್ರೆ ಬೆಳಗುವ ಬಿಳಿ ಪುಡಿಯದು.

ಆದರೆ ಪುಡಿ ಹಾಕುವ ಮೊದಲೇ ತಾನೇ ಪಾತ್ರೆ ಗಲಬರಿಸುವುದು? ಗಲಬರಿಸುವುದಕ್ಕೂ ಬೆಳಗುವುದಕ್ಕೂ ಬಳಸುವ ಒಂದೇ ತೆಂಗಿನ ನಾರನ್ನು ಅವಳು ತಂದು ಬಿಡಿಸಿ ನೋಡಿದಳು. ಎಳೆಎಳೆಯಲ್ಲೂ ನಿನ್ನೆಯ ಪುಡಿ ಬೆಳ್ಳಗೆ ಕೂತಿತ್ತು. ಅನ್ನಕ್ಕೆ ಸಾರು ಕಲೆಸುವಾಗ ಬೆರಳು ಚುರುಗುಟ್ಟುತ್ತಿದ್ದುದೂ ಅದೇ ಶನಿವಾರದಿಂದ. ಗಂಡ ತಂದದ್ದಲ್ಲವೇ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಅಂದು ಹೊಸ ನಾರು ಬಂತು, ಪಾತ್ರೆ ಬೆಳಗಲು ಒಲೆಯ ಬೂದಿ ಮತ್ತೆ ಬಚ್ಚಲಿಗೆ ಬಂತು. ಮರುದಿನ ಶನಿವಾರ. ಎಮ್ಮೆ ಬಾಗಿಲಿಗೆ ಬಂದಾಗ ಮುದ್ದಮ್ಮ ಮಡಕೆಯನ್ನು ಸೊಸೆಯ ಕೈಗಿಟ್ಟಳು. “ನೀನೇ ಇಡವ್ವ.”

ಎಮ್ಮೆ ಮೂಸಿತು. ಆಮೇಲೆ ಅದು ಕಣ್ಣಿನವರೆಗೂ ಮುಖ ಅದ್ದಿ, ತಳ ಕಾಣುವ ತನಕ ಕುಡಿಯಿತು.

“ಅಬ್ಬ, ನಮ್ಮ ಎಮ್ಮೆ ಗೆದ್ಬುಡ್ತು!” ಎಂದು ಸುಬ್ಬಮ್ಮ ನಕ್ಕಳು.

ಸಂಜೆ ಕೆಂಪಣ್ಣ ಇನ್ನೊಂದು ಡಬ್ಬ ಹಿಡಿದು ಬಂದ. ಮುದ್ದಮ್ಮ ಜಗುಲಿಯ ಮೇಲೆ ಸೊಸೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಡೆದ ಬೆರಳುಗಳಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಅದ್ನ ಅಂಗ್ಡಿಗೆ ವಾಪಸ್ ಕೊಟ್ಬುಡ್ಲಾ. ಎಮ್ಮೆ ನಾಕೇ ದಿನಕ್ಕೆ ಬ್ಯಾಡ ಅಂತು. ಇವ್ಳು ಒಂದ್ ಮಾತೂ ಆಡ್ನಿಲ್ಲ, ನಾನೂ ನೋಡ್ನಿಲ್ಲ.”