ನೊರೆಯೆದ್ದ ಮಣ್ಣು

ಸೋಮವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಕುರಿಗಳನ್ನು ಹೊಡೆದುಕೊಂಡು ಸುಣ್ಣದದಿಣ್ಣೆ ಹತ್ತುವಷ್ಟರಲ್ಲಿ ಅಲ್ಲಿ ಒಂದು ಜೀಪು ಬಂದು ನಿಂತಿತ್ತು. ದಿಣ್ಣೆಯ ನಡುವೆ ಇಬ್ಬರು ಆಳುಗಳು ಎದೆಮಟ್ಟದ ಗುಂಡಿ ತೋಡಿ ಬೆವರೊರೆಸಿಕೊಳ್ಳುತ್ತಿದ್ದರು. ಗುಂಡಿಯೊಳಗೆ ಟೋಪಿ ಹಾಕಿಕೊಂಡ ಒಬ್ಬ ಹುಡುಗಿ ಮಣ್ಣಿನ ಗೋಡೆಗೆ ಟೇಪು ಇಳಿಬಿಟ್ಟು ಏನೋ ಬರೆದುಕೊಳ್ಳುತ್ತಿದ್ದಳು.

ಮುನಿಲಕ್ಷ್ಮಮ್ಮ ಇದ್ದಲ್ಲೇ ನಿಂತಳು. ಹೀಗೆ ಟೇಪು ಇಳಿಸಿ ಬರೆದುಕೊಂಡು ಹೋದ ಜಾಗಗಳು ಆಮೇಲೆ ಏನಾದವು ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಪಿಲ್ಲಗುಂಪೆಯ ಹತ್ತಿರ ಅವಳ ತವರಿನವರು ಎಮ್ಮೆ ಮೇಯಿಸುತ್ತಿದ್ದ ಬಯಲಿನಲ್ಲಿ ಈಗ ತಗಡಿನ ಶೆಡ್ಡುಗಳಿವೆ. ಇವಳ ಊರಿನ ಸುತ್ತ ಉಳಿದಿರುವ ಗೋಮಾಳವೆಂದರೆ ಈ ದಿಣ್ಣೆಯೊಂದೇ. ಅದು ಉಳಿದದ್ದೂ ಯಾರಿಗೂ ಬೇಡವಾಗಿದ್ದರಿಂದ.

ದಿಣ್ಣೆಯ ಮೇಲೆ ಒಂದು ಗೇಣು ಗರಸು ಮಣ್ಣು. ಗರಸಿನ ತುಂಬ ಕಡಲೆಕಾಯಿ ಗಾತ್ರದ ಸುಣ್ಣಕಲ್ಲಿನ ಹರಳು. ಅದರ ಕೆಳಗೆ ಹಾರೆ ಹಾಕಿದರೆ ಟಣ್ಣೆನ್ನುವ ಬಿಳಿ ಪದರ. ಅವಳ ಮಾವನ ಕಾಲದಲ್ಲಿ ಆ ಹರಳನ್ನೇ ಆಯ್ದು ಸುಟ್ಟು ಗೋಡೆಗೆ ಬಳಿಯುತ್ತಿದ್ದರಂತೆ. ಅಲ್ಲಿ ಒಂದು ವರ್ಷ ಯಾರೋ ಹುರುಳಿ ಚೆಲ್ಲಿದ್ದರು. ಎಲೆಯೆಲ್ಲ ಹಳದಿಗೆ ತಿರುಗಿ ಗಿಡ ಅಲ್ಲೇ ಮುರುಟಿಕೊಂಡಿತು. ಪಂಚಾಯ್ತಿಯವರು ನೆಟ್ಟ ಸಸಿಗಳು ಎರಡು ಬೇಸಿಗೆ ದಾಟಲಿಲ್ಲ. ಆದರೆ ಮುಂಗಾರಿನ ನಾಲ್ಕು ಹನಿ ಬಿದ್ದ ವಾರಕ್ಕೆ ಗಿಡ್ಡನೆಯ ಹುಲ್ಲು ಮಾತ್ರ ತಾನಾಗಿ ಏಳುತ್ತಿತ್ತು. ಎಷ್ಟು ಮಳೆ ಸುರಿದರೂ ಕೆಸರಾಗದ ನೆಲ. ಊರಿನ ಬೇರೆಯವರ ಕುರಿಗಳು ಮಳೆಗಾಲದಲ್ಲಿ ಗೊರಸು ಕೊಳೆತು ಕುಂಟುವಾಗ ಅವಳ ಹದಿನೈದು ಕುರಿಗಳು ಟಕಟಕನೆ ನಡೆಯುತ್ತಿದ್ದವು.

ಅವಳು ಕುರಿಗಳನ್ನು ಒಂದು ಕಡೆಗೆ ಬಿಟ್ಟು ತಂಗಡಿ ಗಿಡದ ಮರೆಯಲ್ಲಿ ನಿಂತು ನೋಡಿದಳು. ಹುಡುಗಿ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ಮಣ್ಣಿನ ಗೋಡೆಗೆ ನಾಲ್ಕೈದು ಹನಿ ಬಿಟ್ಟಳು. ಬಿಟ್ಟ ಕಡೆಯೆಲ್ಲ ಮಣ್ಣು ಸುಂಯ್ ಎಂದು ಕುದಿದು ಬಿಳಿಯ ನೊರೆ ಎದ್ದಿತು. ಮುನಿಲಕ್ಷ್ಮಮ್ಮ ತಡೆಯಲಾರದೆ ಆಳುಗಳಲ್ಲೊಬ್ಬನನ್ನು ಅದೇನೆಂದು ಕೇಳಿದಳು. ಅವನು ಬೀಡಿ ಹಚ್ಚುತ್ತ, “ಆಸಿಡ್ ಕಣಮ್ಮ,” ಅಂದ.

ಮುಂದಿನ ಮಾತು ಅವಳ ಕಿವಿಗೆ ಬೀಳಲಿಲ್ಲ. ಕುರಿಗಳ ಬಾಯಲ್ಲಿ ಹುಲ್ಲಿದ್ದ ಹಾಗೆಯೇ ಅವನ್ನು ತಿರುಗಿಸಿ ಮನೆಗೆ ಹೊಡೆದುಕೊಂಡು ಬಂದಳು.

ಡೈರಿಗೆ ಹಾಲು ಹಾಕಿ ಬಂದ ಗಂಡ ಅಪ್ಪಯ್ಯಣ್ಣ ಸಮಾಧಾನ ಹೇಳಿದ. ಅದೇನೋ ಮಣ್ಣಿನ ಸರ್ವೆಯಂತೆ, ಪಂಚಾಯ್ತಿಯಲ್ಲಿ ಮೊದಲೇ ಹೇಳಿದ್ದರು, ಹೆದರಬೇಡ ಎಂದ. ಹುಲ್ಲನ್ನು ಸಾಯಿಸಿ, ಪಾಳು ನೆಲವೆಂದು ಬರೆದು, ಆಮೇಲೆ ಬೇಲಿ ಹಾಕುತ್ತಾರೆ ಎಂದು ಅವಳು ವಾದಿಸಿದಳು. ನೀನೇ ಹೋಗಿ ಕೇಳು ಎಂದರೆ, ಕೇಳಿದರೆ ನಿಜ ಹೇಳುತ್ತಾರೆಯೇ ಎಂದು ಗದರಿದಳು.

ಮಂಗಳವಾರ, ಬುಧವಾರ ಕುರಿಗಳನ್ನು ದೊಡ್ಡಿಯಿಂದ ಆಚೆ ಬಿಡಲಿಲ್ಲ. ಮನೆಯಲ್ಲಿದ್ದ ಒಣ ಜೋಳದ ಕಡ್ಡಿ, ಹಿತ್ತಲಿನ ನಾಲ್ಕು ಕೊಂಬೆ ಸೊಪ್ಪು, ಅಷ್ಟನ್ನೇ ಹದಿನೈದಕ್ಕೂ ಹಂಚಿದಳು. ಅವು ಒಂದರ ಮೇಲೊಂದು ನುಗ್ಗಿ ತಿಂದವು. ತುಂಬುಗಬ್ಬದ ಕುರಿ ಕೆಂಚಿ ನುಗ್ಗಲಾರದೆ ಮೂಲೆಗೆ ಸರಿದು ನಿಂತಿತು. ಮುನಿಲಕ್ಷ್ಮಮ್ಮ ಅದಕ್ಕೆಂದು ತೆಗೆದಿಟ್ಟಿದ್ದ ಸೊಪ್ಪನ್ನೂ ಅದು ಮೂಸಿ ಬಿಟ್ಟಿತು. ಅವಳ ಕಣ್ಣೆಲ್ಲ ದಿಣ್ಣೆಯ ಕಡೆಗೇ ಇತ್ತು. ಗಳಿಗೆಗೊಮ್ಮೆ ಹೊಸ್ತಿಲಿಗೆ ಬಂದು ಹುಲ್ಲು ಕಂದಿತೇ ಎಂದು ನೋಡುವಳು. ಅಷ್ಟು ದೂರದಿಂದ ಏನೂ ತಿಳಿಯುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಕೆಂಚಿ ಏಳಲಿಲ್ಲ. ಕತ್ತನ್ನು ಪಕ್ಕೆಗೆ ಒತ್ತಿಕೊಂಡು ಮುದುರಿ ಬಿದ್ದಿತ್ತು. ಕಿವಿ ತಣ್ಣಗೆ, ಕಣ್ಣು ಮಂಕು, ತೊಡೆಯ ಮಾಂಸ ಸಣ್ಣಗೆ ಅದುರುತ್ತಿತ್ತು. ಅವಳೂ ಅಪ್ಪಯ್ಯಣ್ಣನೂ ಸೇರಿ ಎತ್ತಿ ನಿಲ್ಲಿಸಿದರೆ ಕಾಲು ಮಡಚಿಕೊಂಡು ಮತ್ತೆ ಕುಸಿಯಿತು.

“ಸೋಮವಾರ ತಿಂದಿದ್ದೇ ಇದಕ್ಕೆ ಮುಳುವಾಯ್ತು,” ಎಂದು ಮುನಿಲಕ್ಷ್ಮಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಉಳಿದ ಹದಿನಾಲ್ಕನ್ನು ಒಂದೊಂದಾಗಿ ನೋಡಿದಳು. ಈಗ ಯಾವುದು ಬೀಳುತ್ತದೋ, ಇನ್ನೊಂದು ಗಳಿಗೆಗೆ ಯಾವುದೋ ಎಂದು ಒಂದೊಂದರ ಕಿವಿಯನ್ನೂ ಮುಟ್ಟಿದಳು. ಅಪ್ಪಯ್ಯಣ್ಣ ಪಶು ಆಸ್ಪತ್ರೆಗೆ ಫೋನು ಹಚ್ಚಿದ. ಅವಳು ಚಪ್ಪಲಿಯನ್ನೂ ಮೆಟ್ಟದೆ ಕೆರೆಯ ಏರಿಯ ಕಡೆಗೆ ಓಡಿದಳು. ಜೀಪು ಅಂದು ಅಲ್ಲಿ ನಿಂತದ್ದನ್ನು ಹೊಸ್ತಿಲಿನಿಂದಲೇ ಕಂಡಿದ್ದಳು.

ಟೋಪಿಯ ಹುಡುಗಿ ಹೊಸ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮುನಿಲಕ್ಷ್ಮಮ್ಮ ಏದುಸಿರು ಬಿಡುತ್ತ ಅವಳೆದುರು ನಿಂತಳು.

“ಆ ಬಾಟ್ಲಿ ಕೊಡಮ್ಮ. ಅದ್ರಲ್ಲೇನಿದೆ ಅಂತ ಡಾಕ್ಟ್ರಿಗೆ ತೋರುಸ್ಬೇಕು. ನನ್ ಕುರಿ ಸಾಯ್ತಾ ಐತೆ.”

ಹುಡುಗಿ ತಟ್ಟನೆ ಎದ್ದಳು. ಏನು, ಎತ್ತ ಎಂದು ಕೇಳಿಕೊಂಡವಳೇ ಬಾಟಲಿಯನ್ನು ಜೇಬಿಗಿಳಿಸಿ, ಮುನಿಲಕ್ಷ್ಮಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟಳು. ಅವಳ ಹೆಸರು ಅಕ್ಷತ, ನೆಲಮಂಗಲದ ಕಡೆಯವಳು, ಮಣ್ಣಿನ ಸರ್ವೆಯ ಕೆಲಸಕ್ಕೆ ಸೇರಿ ವರ್ಷವಾಗಿಲ್ಲ. ಇಷ್ಟನ್ನು ದಾರಿಯಲ್ಲಿ ತಾನಾಗಿಯೇ ಹೇಳಿದಳು. ಹನಿ ಬಿಟ್ಟದ್ದು ಗುಂಡಿಯ ಒಳಗಿನ ಗೋಡೆಗೆ ಮಾತ್ರ, ಹುಲ್ಲಿಗಲ್ಲ ಎಂದೂ ಹೇಳಿದಳು. ಹೇಳುವಾಗ ಅವಳ ದನಿ ನಡುಗುತ್ತಿತ್ತು. ಅದನ್ನು ಕೇಳಿ ಮುನಿಲಕ್ಷ್ಮಮ್ಮನ ಹೆದರಿಕೆ ಇನ್ನಷ್ಟು ಏರಿತು.

ದೊಡ್ಡಿಗೆ ಬಂದಾಗ ಡಾಕ್ಟರು ಇನ್ನೂ ಬಂದಿರಲಿಲ್ಲ. ಅಕ್ಷತ ಸುಮ್ಮನೆ ಕೂರಲಾರದೆ, ಚೀಲದಲ್ಲಿದ್ದ ದಿಣ್ಣೆಯ ಮಣ್ಣನ್ನು ಒಂದು ತಟ್ಟೆಗೆ ಸುರಿದು ಎರಡು ಹನಿ ಬಿಟ್ಟಳು. ನೊರೆ ಎದ್ದು, ನೋಡನೋಡುತ್ತಲೇ ಇಳಿದುಹೋಯಿತು.

“ಇದು ಸುಣ್ಣ ಎಷ್ಟಿದೆ ಅಂತ ನೋಡೋಕೆ ಅಮ್ಮ. ಆಸಿಡ್ ಸುಣ್ಣಕ್ಕೆ ತಾಕಿದ್ ತಕ್ಷಣ ಅಲ್ಲೇ ಮುಗ್ದುಹೋಗುತ್ತೆ. ನಿಮ್ ದಿಣ್ಣೇಲಿ ಎಷ್ಟ್ ಸುಣ್ಣ ಇದೆ ಅಂದ್ರೆ, ನಾನು ಇಡೀ ಬಾಟ್ಲಿ ಸುರಿದ್ರೂ ಆಸಿಡ್ ಒಂದ್ ಚೂರೂ ಉಳಿಯಲ್ಲ.”

ಮುನಿಲಕ್ಷ್ಮಮ್ಮ ತಟ್ಟೆಯನ್ನು ನೋಡಿದಳು, ಕೆಂಚಿಯನ್ನು ನೋಡಿದಳು. ನಂಬುವ ಧೈರ್ಯ ಬರಲಿಲ್ಲ.

ಡಾಕ್ಟರು ಚಲಪತಿ ಬೈಕಿನಲ್ಲಿ ಬಂದಾಗ ಹತ್ತೂವರೆ. ಅವರು ಬಾಟಲಿಯ ಕಥೆಯನ್ನು ಅರ್ಧಕ್ಕೇ ತಡೆದು ಕುರಿಯ ಪಕ್ಕ ಮಂಡಿಯೂರಿದರು. ಕಿವಿ ಮುಟ್ಟಿದರು, ಹೊಟ್ಟೆ ಅಮುಕಿ ನೋಡಿದರು, ಎಷ್ಟು ದಿನದಿಂದ ಮೇಯ್ದಿಲ್ಲ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಒಂದು ಬಾಟಲಿ ಔಷಧಿಯನ್ನು ಬಿಸಿನೀರಿನಲ್ಲಿಡಲು ಹೇಳಿದರು.

“ಹೊಟ್ಟೇಲಿ ಎರಡು ಮರಿ ಇರೋ ಹಂಗಿದೆ. ಮೂಳೆ ಕಟ್ಟೋಕೆ ತಾಯಿ ರಕ್ತದಿಂದ್ಲೇ ಸುಣ್ಣ ಎಳ್ಕೊಳ್ತಾವೆ. ಅದು ಕಮ್ಮಿ ಆಗಿ ಬಿದ್ದೋಗಿದೆ.”

“ಸುಣ್ಣದ್ ನೆಲದಾಗೆ ಹುಟ್ಟಿ ಮೇಯ್ದಿರೋ ಕುರಿ ಸಾರ್ ಇದು,” ಎಂದಳು ಮುನಿಲಕ್ಷ್ಮಮ್ಮ.

“ನೆಲದಲ್ಲಿದ್ರೆ ಏನ್ ಬಂತಮ್ಮ, ಹೊಟ್ಟೆಗೆ ಹೋಗ್ಬೇಕಲ್ಲ. ಈ ಟೈಮಲ್ಲಿ ಎರಡು ದಿನ ಕೂಡ್ಹಾಕಿ ಹೊಟ್ಟೆ ಕಟ್ಟುದ್ರೆ ಹಿಂಗೇ ಆಗೋದು.”

ಅವರು ಬೈದದ್ದೇನಲ್ಲ. ಆದರೂ ಮುನಿಲಕ್ಷ್ಮಮ್ಮನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಅಕ್ಷತ ಅವಳ ಕಡೆ ನೋಡದೆ ಕುರಿಯ ತಲೆ ಹಿಡಿದುಕೊಂಡಳು. ಡಾಕ್ಟರು ಕತ್ತಿನ ನರಕ್ಕೆ ಸೂಜಿ ಹಾಕಿ, ಇನ್ನೊಂದು ಕೈಯಿಂದ ಎದೆಬಡಿತ ಕೇಳುತ್ತ, ಬಹಳ ನಿಧಾನವಾಗಿ ಔಷಧಿ ಬಿಟ್ಟರು. ಬೇಗ ಬಿಟ್ಟರೆ ಎದೆಯೇ ನಿಂತುಹೋಗಬಹುದೆಂದರು. ಬಾಟಲಿ ಖಾಲಿಯಾಗುವವರೆಗೂ ಮುನಿಲಕ್ಷ್ಮಮ್ಮ ಕುರಿಯ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಒಳಗೆ ಏನೋ ಮಿಸುಕಿದಂತಾಯಿತು.

ಸ್ವಲ್ಪ ಹೊತ್ತಿಗೆ ಕೆಂಚಿ ತೇಗಿತು. ತಲೆ ಎತ್ತಿ ಸುತ್ತ ನೋಡಿತು. ಮುಂಗಾಲು ಮಂಡಿಯ ಮೇಲೆ ತೂರಾಡಿ, ಎರಡು ಸಲ ಜಾರಿ, ಮೂರನೆಯ ಸಲ ಎದ್ದು ನಿಂತು ಗಂಜಲ ಹುಯ್ಯಿತು. ಅಪ್ಪಯ್ಯಣ್ಣ ಗೋಡೆಗೆ ಒರಗಿ ಮುಖ ಒರೆಸಿಕೊಂಡ. ಹಸಿರು ಮೇವು ಕೊಡಿ, ದಿಣ್ಣೆಗೇ ಬಿಡಿ, ಓಡಿಸಬೇಡಿ ಎಂದು ಹೇಳಿ ಡಾಕ್ಟರು ಹೊರಟರು.

ಮಾರನೆಯ ದಿನ ಅಕ್ಷತ ಗುಂಡಿ ಮುಚ್ಚಿಸಲು ದಿಣ್ಣೆಗೆ ಬಂದಾಗ ಮುನಿಲಕ್ಷ್ಮಮ್ಮ ಅಲ್ಲಿದ್ದಳು. ತಂದಿದ್ದ ಮಜ್ಜಿಗೆ ಕೊಟ್ಟು, ಈ ನೆಲದ ಬಗ್ಗೆ ಏನು ಬರೆಯುತ್ತೀಯ ಎಂದು ಕೇಳಿದಳು. ಅಕ್ಷತ ಗುಂಡಿಗೆ ಇಳಿಸಿ ತೋರಿಸಿದಳು. ಮೇಲಿನ ಗರಸಿನಲ್ಲಿ ಅರ್ಧಕ್ಕರ್ಧ ಕಲ್ಲು, ನೀರು ನಿಲ್ಲದು. ಕೆಳಗಿನ ಬಿಳಿ ಪದರಕ್ಕೆ ಬಂದ ಬೇರು ಮುಂದೆ ಇಳಿಯಲಾರದೆ ಅಡ್ಡಕ್ಕೆ ತಿರುಗಿದೆ. ಉಳುಮೆಗೂ ತೋಪಿಗೂ ಒಗ್ಗದ ಮಣ್ಣು.

“ಹಂಗಂತ ಬರುದ್ರೆ ಉಪಯೋಗಕ್ಕಿಲ್ಲದ್ ಜಾಗ ಅಂತ ಯಾರಿಗಾದ್ರೂ ಕೊಟ್ಬಿಡ್ತಾರೆ ಕಣಮ್ಮ.”

ಅಕ್ಷತ ತಾನು ಬರೆದುಕೊಂಡದ್ದನ್ನು ಮತ್ತೆ ತಿರುವಿ ಓದಿದಳು. ಅವಳಿಗೆ ಇದು ಹೊಳೆದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಕೊನೆಗೆ, “ಮೇವಿಗೆ ಒಳ್ಳೇ ನೆಲ ಅಂತಾನೂ ಬರೀತೀನಿ. ಅದೂ ನಿಜಾನೇ. ಮೇಲಿನವ್ರು ಏನ್ ಮಾಡ್ತಾರೋ ನಾನ್ ಹೇಳಕ್ಕಾಗಲ್ಲ ಅಮ್ಮ,” ಅಂದಳು.

ಮುನಿಲಕ್ಷ್ಮಮ್ಮ ಅವಳನ್ನು ದಿಣ್ಣೆಯ ಸುತ್ತ ಕರೆದುಕೊಂಡು ಹೋಗಿ, ಯಾವ ಹುಲ್ಲು ಮೊದಲು ಏಳುತ್ತದೆ, ಯಾವುದು ಸಂಕ್ರಾಂತಿಯವರೆಗೂ ನಿಲ್ಲುತ್ತದೆ, ಎಷ್ಟು ಮನೆಯ ಕುರಿಗಳು ಬರುತ್ತವೆ, ಎಲ್ಲವನ್ನೂ ಹೇಳಿದಳು. ಅಕ್ಷತ ಬಿಡದೆ ಬರೆದುಕೊಂಡಳು.

ಎಂಟು ದಿನಕ್ಕೆ ಕೆಂಚಿ ಎರಡು ಮರಿ ಹಾಕಿತು. ಎರಡೂ ಬದುಕಿದವು. ಆ ತಿಂಗಳ ಗ್ರಾಮಸಭೆಗೆ ಮುನಿಲಕ್ಷ್ಮಮ್ಮ ಮೊದಲ ಸಲ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಸರ್ವೆಯ ಕಾಗದ ಬಂದಿದೆಯಂತೆ, ಎಲ್ಲರ ಮುಂದೆ ಓದಿ ಎಂದಳು. ಓದಿದರು. ಮೇವಿಗೆ ತಕ್ಕ ನೆಲ ಎಂಬ ಸಾಲು ಅದರಲ್ಲಿತ್ತು. ಹಾಗಾದರೆ ಮೇವಿಗೇ ಉಳಿಸಬೇಕೆಂದು ಸಭೆ ಬರೆದು ಹೊಸಕೋಟೆಯ ತಾಲ್ಲೂಕು ಕಚೇರಿಗೆ ಕಳಿಸಿತು. ಅಲ್ಲಿಂದ ಉತ್ತರ ಇನ್ನೂ ಬಂದಿಲ್ಲ. ವಾರಕ್ಕೊಂದು ದಿನ ಅವಳು ಹೊಸಕೋಟೆಯ ಬಸ್ಸು ಹತ್ತಿ ಕೇಳಿಕೊಂಡು ಬರುತ್ತಾಳೆ.