ನಲವತ್ತೆರಡನೇ ಕಲ್ಲು

ಸರಕಾರಿ ಬೈಕಿಗೆ ಕೈ ಹಾಕಿದ್ದಕ್ಕೆ ನರ್ಸಮ್ಮನಿಗೆ ಮೂರು ನೋಟಿಸು ಬಂದಿದ್ದವು. ಮೂರನ್ನೂ ಓದಿ, ಮಡಚಿ, ಔಷಧಿ ಬೀರುವಿನ ಅಲುಗಾಡುವ ಕಾಲಿನ ಕೆಳಗೆ ಸಿಕ್ಕಿಸಿದ್ದಳು. ಬೀರು ಈಗ ನೆಟ್ಟಗೆ ನಿಂತಿತ್ತು. ನಾಲ್ಕನೆಯ ಸಲ ನೋಟಿಸಿನ ಬದಲು ವಾಹನ ಶಾಖೆಯ ಗುಮಾಸ್ತನೇ ಬಂದ, ಒಂದು ಲೀಟರ್ ಪೆಟ್ರೋಲಿನ ಬಾಟಲಿ ಹಿಡಿದುಕೊಂಡು.

ನಿಯಮವೇನೋ ಸರಳ. ಇಲಾಖೆಯ ಬೈಕು ಲೀಟರಿಗೆ ನಲವತ್ತೈದು ಕಿಲೋಮೀಟರ್ ಓಡಬೇಕು. ಓಡದಿದ್ದರೆ ಹೊಸದಾಗಿ ಹಾಕಿಸಿದ್ದನ್ನೆಲ್ಲ ಬಿಚ್ಚಬೇಕು. ಬಿಚ್ಚದಿದ್ದರೆ ಬೈಕು ವಾಪಸ್.

ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವುದು ಅವಳ ಕೆಲಸ. ಕಂಪನಿಯಿಂದ ಬಂದ ಹಾಗೇ ಇದ್ದಾಗ ಆ ಬೈಕು ಮೂರನೇ ತಿರುವಿಗೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಮೆಕ್ಯಾನಿಕ್ ತಮ್ಮನಿಗೆ "ಸ್ವಲ್ಪ ಎಳೆಯೋ ಹಾಗೆ ಮಾಡೋ" ಎಂದದ್ದೇ ತಡ, ಆ ಪುಣ್ಯಾತ್ಮ ಅದನ್ನು ರೇಸಿಗೆ ಬಿಡುವ ಕುದುರೆಯ ಹಾಗೆ ಸಿಂಗರಿಸಿಬಿಟ್ಟ. ಗುಡುಗುವ ಸೈಲೆನ್ಸರ್, ಬಾಯಿ ತೆರೆದ ಏರ್ ಫಿಲ್ಟರ್, ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್. ಲೀಟರಿಗೆ ಮೂವತ್ತಕ್ಕೆ ಇಳಿಯಿತು. ಶಬ್ದಕ್ಕೆ ತೊಟ್ಟಿಲಲ್ಲಿದ್ದ ಕೂಸುಗಳು ಬೆಚ್ಚಿಬಿದ್ದವು. ಅವಳು ಬೈದು ಎಲ್ಲ ಬಿಚ್ಚಿಸಿ ಒಂದನ್ನು ಮಾತ್ರ ಉಳಿಸಿಕೊಂಡಳು. ಚೈನು ಎಳೆಯುವ ಮುಂದಿನ ಸ್ಪ್ರಾಕೆಟ್, ಹದಿನಾಲ್ಕು ಹಲ್ಲಿನದರ ಜಾಗದಲ್ಲಿ ಹದಿಮೂರರದು. ಎಂಜಿನ್ ಹೆಚ್ಚು ತಿರುಗುತ್ತಿತ್ತು, ಪೆಟ್ರೋಲನ್ನೂ ತುಸು ಹೆಚ್ಚು ಕುಡಿಯುತ್ತಿತ್ತು. ಆದರೆ ಗುಡ್ಡ ಹತ್ತುತ್ತಿತ್ತು.

ಆಸ್ಪತ್ರೆಯ ಗೇಟಿನ ಪಕ್ಕದಲ್ಲೇ ಸೊನ್ನೆ ಎಂದು ಬರೆದ ಕಿಲೋಮೀಟರ್ ಕಲ್ಲು. ಗುಮಾಸ್ತ ಟ್ಯಾಂಕಿನ ಪೈಪು ಕಳಚಿ ಬಾಟಲಿಯದನ್ನು ಸಿಕ್ಕಿಸಿದ, ಓಡಿದ ದೂರ ತೋರುವ ಟ್ರಿಪ್ ಮೀಟರನ್ನು ಸೊನ್ನೆಗೆ ತಿರುಗಿಸಿದ. ಅವನು ಹೆಲ್ಮೆಟ್ಟಿನೊಂದಿಗೆ ಗುದ್ದಾಡುತ್ತಿರುವಾಗ ತಮ್ಮ ಅವಳ ಹತ್ತಿರ ಬಂದು ಪಿಸುಗುಟ್ಟಿದ.

"ಅಕ್ಕ, ಹೆದರ್ಬೇಡ. ಈ ಮೀಟರ್ ಕೇಬಲ್ ಇರೋದು ಗೇರ್‌ಬಾಕ್ಸಿಗೆ, ಚಕ್ರಕ್ಕಲ್ಲ. ಒಂದು ಹಲ್ಲು ಕಮ್ಮಿ ಆದ್ಮೇಲೆ ಓಡಿದ್ದಕ್ಕಿಂತ ಜಾಸ್ತೀನೇ ತೋರ್ಸುತ್ತೆ. ಆ ಮಹಾನುಭಾವ ನೋಡೋದು ಮೀಟರ್ ಮಾತ್ರ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

ಬಾಯಿ ಮುಚ್ಚಿಕೊಂಡಿರು ಎಂದು ಹುಟ್ಟಿದಾಗಿನಿಂದ ಯಾರು ಯಾರೋ ಅವಳಿಗೆ ಹೇಳಿದ್ದರು. ಒಬ್ಬರ ಮಾತೂ ನಡೆದಿರಲಿಲ್ಲ.

ಗುಮಾಸ್ತ ಹಿಂದಿನ ಸೀಟಿನಲ್ಲಿ ಕೂತು ಅವಳ ಹೆರಿಗೆ ಬ್ಯಾಗನ್ನು ಮಗುವಿನಂತೆ ಅಪ್ಪಿಕೊಂಡ. ಇನ್ನೊಂದು ಬೈಕಿನಲ್ಲಿ ಪೆಟ್ರೋಲ್ ಕ್ಯಾನು ಹೇರಿಕೊಂಡು ಹಿಂದೆ ಬಂದವನು ತಮ್ಮ. ಸಮತಟ್ಟು ರಸ್ತೆ, ತಣ್ಣನೆ ಗಾಳಿ. ಕೊನೆಗೆ ಬಾಟಲಿ ಬರಿದಾಗಿ ಬೈಕು ಎರಡು ಸಲ ಕೆಮ್ಮಿ ನಿಂತಿತು. ಗುಮಾಸ್ತ ಅವಳ ಹೆಗಲ ಮೇಲಿಂದ ಬಗ್ಗಿ ಮೀಟರ್ ನೋಡಿ, ಬ್ಯಾಗಿನ ಮೇಲೆ ಫಾರಂ ಇಟ್ಟು ಬರೆದುಕೊಂಡ.

"ನಲವತ್ತೈದು ಚಿಲ್ಲರೆ! ಪಾಸು, ಸಿಸ್ಟರ್!"

ತಮ್ಮನ ಮುಖ ಅರಳಿತು. ಅವಳು ರಸ್ತೆ ಬದಿಯ ಕಲ್ಲು ನೋಡಿದಳು. ನಲವತ್ತೆರಡು.

"ತಪ್ಪು ಸರ್. ಮೀಟರ್ ಸುಳ್ಳು ಹೇಳ್ತಿದೆ. ಕಲ್ಲು ನೋಡಿ, ನಲವತ್ತೆರಡು ಬರ್ಕೊಳ್ಳಿ."

ತಲೆ ಮೇಲೆ ಕೈ ಹೊತ್ತುಕೊಂಡು ತಮ್ಮ ಅಲ್ಲೇ ರಸ್ತೆಯಂಚಿನಲ್ಲಿ ಕುಕ್ಕರಿಸಿದ. ಗುಮಾಸ್ತ ಕೆಳಗಿಳಿದು ಪಿಳಿಪಿಳಿ ಕಣ್ಣು ಬಿಟ್ಟ. "ಪಾಸಾದವರು ಯಾರಾದ್ರೂ ಫೇಲ್ ಮಾಡಿ ಅಂತಾರಾ?"

"ಈ ನಂಬರ್ ನೋಡೇ ತಾನೆ ನೀವು ನಂಗೆ ತಿಂಗಳಿನ ಪೆಟ್ರೋಲ್ ಅಳೆದು ಕೊಡೋದು? ನಲವತ್ತೈದು ಅಂತ ಬರೆದ್ರೆ ತಿಂಗಳ ಕೊನೇಲಿ ನಾನು ಗುಡ್ಡದ ಮಧ್ಯೆ ಬೈಕ್ ತಳ್ತಾ ನಿಂತಿರ್ತೀನಿ. ಇನ್ನೂ ಐದು ಜನ ನರ್ಸುಗಳು ಇದೇ ಸ್ಪ್ರಾಕೆಟ್ ಬೇಕು ಅಂತಿದ್ದಾರೆ. ಅವರೂ ಹೀಗೇ ಕದ್ದುಮುಚ್ಚಿ ಪಾಸಾಗ್ಬೇಕಾ?"

"ಹಾಗಾದ್ರೆ ಬಿಚ್ಚಿಸಿಬಿಡಿ. ಲೀಟರಿಗೆ ಮೂರು ಕಿಲೋಮೀಟರ್ ಸುಮ್ನೆ ದಂಡ ಆಗುತ್ತಲ್ಲ."

ದಂಡ ಎಂಬ ಮಾತಿಗೆ ಅವಳು ಅವನ ಎದುರಿಗೇ ಬಂದು ನಿಂತಳು. ಆದರೂ ದನಿ ಏರಿಸಲಿಲ್ಲ.

"ಹಳೇ ಸ್ಪ್ರಾಕೆಟ್ ಇದ್ದಾಗ ಒಂದಿನ ಮೂರನೇ ತಿರುವಲ್ಲಿ ಬೈಕ್ ಬಿಟ್ಟು, ಈ ಬ್ಯಾಗ್ ಹೊತ್ಕೊಂಡು ಓಡಿದ್ದೀನಿ ಸರ್. ಮುಕ್ಕಾಲು ಗಂಟೆ. ನಾನು ಮುಟ್ಟೋ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಅದರಮ್ಮ ನನ್ನ ಬೈಲಿಲ್ಲ, ಸುಮ್ನೆ ಮುಖ ನೋಡಿದ್ಲು. ಆ ತಿಂಗಳು ಬೈಕ್ ಲೀಟರಿಗೆ ನಲವತ್ತೆಂಟು ಕೊಟ್ಟಿತ್ತು. ನಿಮ್ಮ ಪುಸ್ತಕದಲ್ಲಿ ಅದು ಪಾಸು."

ಗುಮಾಸ್ತ ತಾನು ಅಪ್ಪಿಕೊಂಡಿದ್ದ ಬ್ಯಾಗನ್ನು ಮೆಲ್ಲಗೆ ಸೀಟಿನ ಮೇಲಿಟ್ಟ. ಫಾರಮ್ಮಿನಲ್ಲಿ ಬರೆದದ್ದನ್ನು ಹೊಡೆದುಹಾಕಿ ನಲವತ್ತೆರಡು ಎಂದು ಬರೆದ. ಅದರ ಕೆಳಗೆ ಇನ್ನೊಂದು ಸಾಲು ಖಾಲಿಯಿತ್ತು: ಬದಲಾವಣೆ ತೆಗೆಸಲು ಒಪ್ಪಿಗೆ ಇದೆಯೇ? ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು 'ಇಲ್ಲ' ಎಂದು ಬರೆದು ಸಹಿ ಹಾಕಿದಳು. ಬೈಕಿನ ಕೀ ತೆಗೆದು ಅವನ ಮುಂದೆ ಚಾಚಿದಳು. ಈ ಬೈಕು ಹೋದರೆ ಮತ್ತೆ ಓಡುವವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

"ವಾಪಸ್ ಬೇಕಾದ್ರೆ ತಗೊಳ್ಳಿ. ಜೊತೆಗೆ ನಿಮ್ಮ ಫೋನ್ ನಂಬರನ್ನೂ ಬರೆದುಕೊಡಿ. ಗುಡ್ಡದಿಂದ ಕರೆ ಬಂದ್ರೆ ಅದನ್ನೇ ಕೊಡ್ತೀನಿ."

ಗುಮಾಸ್ತ ಕೀಯನ್ನು ನೋಡಿದ, ಕೈ ಮುಂದೆ ಮಾಡಲಿಲ್ಲ. ತಮ್ಮ ಎದ್ದು ಬಂದು ಟ್ಯಾಂಕಿನ ಪೈಪು ಜೋಡಿಸಿ, ಕ್ಯಾನಿನಿಂದ ಪೆಟ್ರೋಲ್ ಸುರಿದ.

"ಕೀ ಇಟ್ಕೊಳ್ಳಿ ಸಿಸ್ಟರ್," ಎಂದ ಗುಮಾಸ್ತ ಕೊನೆಗೆ. "ಆದ್ರೆ ನೀವು ಬರೆದಿರೋದನ್ನ ಸಾಹೇಬ್ರಿಗೆ ತೋರಿಸ್ಲೇಬೇಕಾಗುತ್ತೆ. ಅವ್ರು ಸುಮ್ನೆ ಬಿಡಲ್ಲ, ಬಂದೇ ಬರ್ತಾರೆ."

"ಬರ್ಲಿ," ಎಂದು ಅವಳು ಕೀ ಸಿಕ್ಕಿಸಿ ಕಿಕ್ ಹೊಡೆದಳು. "ಗುಡ್ಡದ ಕೆಳಗೆ ಜೀಪ್ ನಿಲ್ಸೋಕೆ ಹೇಳಿ. ಅಲ್ಲಿಂದ ಈ ಬ್ಯಾಗ್ ಹೊತ್ಕೊಂಡು ನನ್ನ ಜೊತೆ ಓಡ್ಲಿ."