ಸೂಜಿಯ ಮೈಯಚ್ಚು

ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಪರದೆ ಕಟ್ಟಿದ ಒಂದು ಮೂಲೆ, ಆ ಮೂಲೆಯಲ್ಲಿ ಆಳೆತ್ತರದ ಕನ್ನಡಿ. ಅಕ್ಕತಂಗಿಯರ ಹೊಲಿಗೆ ಅಂಗಡಿ ಎಂದರೆ ಇಷ್ಟೇ. ಬೀದಿಯ ಹೆಂಗಸರೆಲ್ಲ ಆ ಕನ್ನಡಿಯ ಮುಂದೆ ನಿಂತು ಹಿಂದೆ ಮುಂದೆ ತಿರುಗಿ ನೋಡಿಕೊಂಡಿದ್ದಾರೆ. ನೋಡಿಕೊಳ್ಳದವಳು ತಂಗಿಯೊಬ್ಬಳೇ.

ಆ ತಂಗಿಯನ್ನು ಎಲ್ಲರೂ ಸೂಜಿ ಎಂದೇ ಕರೆಯುವುದು. ಸಣಕಲು ಮೈ, ಚುರುಕು ಕೈ, ಮಾತೂ ಒಂದಿಷ್ಟು ಚುಚ್ಚುವಂಥದ್ದೇ. ಅವಳ ಎದೆಯ ನಡುವಿನ ಮೂಳೆ ಚಿಕ್ಕಂದಿನಿಂದಲೇ ಒಳಕ್ಕೆ ಕುಸಿದಿತ್ತು. ಬೆಳೆಯುತ್ತ ಇನ್ನಷ್ಟು ಕುಸಿಯಿತು. ಪುಟ್ಟ ಬಟ್ಟಲು ಇಟ್ಟರೆ ಕೂರುವಂಥ ಗುಳಿ. ಅದೂ ಬಲಕ್ಕೆ ವಾಲಿಕೊಂಡು. ಹಾಗಾಗಿ ಬಲ ಸ್ತನ ಎಡಗಡೆಯದಕ್ಕಿಂತ ಚಿಕ್ಕದಾಗಿ ಕಾಣುತ್ತಿತ್ತು. ಊರಿಗೆಲ್ಲ ಅಗಲ ಕೊರಳಿನ ಅಂಗಿ ಹೊಲಿದು ಕೊಡುವವಳು ತಾನು ಮಾತ್ರ ಕತ್ತಿನವರೆಗೆ ಗುಂಡಿ ಹಾಕಿಕೊಂಡಿರುತ್ತಿದ್ದಳು.

ಈಗ ಅವಳು ಸ್ತನ ದೊಡ್ಡದು ಮಾಡುವ ಆಪರೇಷನ್ ಮಾಡಿಸಿಕೊಳ್ಳಲು ನಿಶ್ಚಯಿಸಿದ್ದಳು. ಸೋಮವಾರ ಡಾಕ್ಟರನ್ನು ಕಾಣುವುದೆಂದು ನಿಗದಿಯಾಗಿತ್ತು. ಅಕ್ಕನಿಗೆ ಅದನ್ನು ಕೇಳಿದಾಗಿನಿಂದ ತಲೆಗೆ ಹುಳ ಬಿಟ್ಟಂತಾಗಿತ್ತು.

"ಆರೋಗ್ಯವಾಗಿರೋ ಮೈನ ಯಾಕೆ ಕುಯ್ಸ್ಕೋತೀಯೆ? ಮೇಲೊಂದು ಶಾಲು ಹೊದ್ಕೊಂಡ್ರೆ ಯಾರಿಗೆ ಕಾಣುತ್ತೆ?"

"ನಂಗೆ ಕಾಣುತ್ತೆ. ಶಾಲು ಹೊದ್ದೂ ಹೊದ್ದೂ ಸಾಕಾಗಿದೆ ಅಕ್ಕಾ."

"ಆಯ್ತು, ಮಾಡಿಸ್ಕೊಂಡ್ರೆ ಗುಳಿ ಹೋಗುತ್ತಾ?"

"ಹೋಗದೆ ಏನು? ಗಿರಾಕಿದು ಒಂದು ಭುಜ ಇಳಿದಿದ್ರೆ ನಾವೇನ್ ಮಾಡ್ತೀವಿ? ಆ ಕಡೆ ಪ್ಯಾಡ್ ಇಡ್ತೀವಿ, ಸಮ ಆಗುತ್ತೆ. ಇದೂ ಅಷ್ಟೇ. ಬಾ ಇಲ್ಲಿ, ತೋರಿಸ್ತೀನಿ."

ತೋರಿಸಲು ಅವಳು ಅಂಗಡಿಯ ಬೊಂಬೆಯನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದಳು. ಎದೆಗೆ ಸ್ಪಂಜಿನ ಎರಡು ಪ್ಯಾಡು ಇಟ್ಟು, ಮೇಲೆ ಅಗಲ ಕೊರಳಿನ ನೀಲಿ ಅಂಗಿ ತೊಡಿಸಿದ್ದಳು. ಅಂಗಿ ಒಂದು ಸುಕ್ಕಿಲ್ಲದೆ ಕೂತಿತ್ತು. ಅಕ್ಕ ಮೂಗು ಮುರಿದಳು.

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ತಮ್ಮ ಕೋಟು ಒಯ್ಯಲು ನರ್ಸಮ್ಮ ಬಂದರು. ಆಪರೇಷನ್ ವಾರ್ಡಿನಲ್ಲಿ ಕೆಲಸ ಮಾಡಿ ತಲೆ ಹಣ್ಣಾದವರು. ವಿಷಯವನ್ನೆಲ್ಲ ಕೇಳಿ, ಬೊಂಬೆಯ ಸುತ್ತ ಒಂದು ಸುತ್ತು ಬಂದರು.

"ಚೆನ್ನಾಗಿದೆ. ಆಪರೇಷನ್ನು ಯಾರಿಗೆ, ಬೊಂಬೆಗಾ?"

ಅಕ್ಕ ಬಾಯಿಗೆ ಸೆರಗಿಟ್ಟು ನಕ್ಕಳು. ಸೂಜಿಗೆ ನಗು ಬರಲಿಲ್ಲ. "ನೀವೂ ಬೇಡ ಅನ್ನೋರಾ, ಸಿಸ್ಟರ್?"

"ಬೇಡ ಅನ್ನೋಕೆ ನಾನ್ಯಾರಮ್ಮ? ಮೈ ನಿಂದು, ತೀರ್ಮಾನ ನಿಂದು. ಒಂದೇ ಒಂದು ಕೇಳ್ತೀನಿ. ಬೆನ್ನು ಬಾಗಿರೋ ಅಜ್ಜಿಗೆ ಕೋಟು ಹೊಲಿದೆಯಲ್ಲ, ಈ ಬೊಂಬೆ ಮೇಲೆ ಹಾಕಿ ನೋಡಿದ್ಯಾ?"

"ಅದು ಹೇಗಾಗುತ್ತೆ? ಬೊಂಬೆ ಬೆನ್ನು ನೆಟ್ಟಗಿದೆ. ಅಜ್ಜಿ ಮೈಯಚ್ಚು ತೆಗೆದೆ."

"ಮತ್ತೆ ನಿಂದೆಲ್ಲಿ?"

ಸೂಜಿ ಬೊಂಬೆಯ ಮೇಲಿನ ನೀಲಿ ಅಂಗಿ ಬಿಚ್ಚತೊಡಗಿದಳು.

ಮೈಯಚ್ಚು ಎಂದರೆ, ಗಿರಾಕಿಗೆ ಹಳೆಯ ಬನಿಯನ್ನು ತೊಡಿಸಿ, ಅದರ ಮೇಲೆ ಅಂಟು ಕಾಗದದ ಪಟ್ಟಿಗಳನ್ನು ಒದ್ದೆ ಮಾಡಿ ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಬೆನ್ನಿನ ಕಡೆ ಕತ್ತರಿಸಿ ಬಿಡಿಸಿಕೊಳ್ಳುವುದು. ಆ ಮೈ ಹೇಗಿದೆಯೋ ಹಾಗೇ ಅಚ್ಚು ಸಿಗುತ್ತದೆ. ಗೂನುಬೆನ್ನಿನವರಿಗೂ ಏರುಪೇರು ಸೊಂಟದವರಿಗೂ ಸೂಜಿ ಅಚ್ಚು ತೆಗೆದಿದ್ದಳು. ತನ್ನದನ್ನು ತೆಗೆಯಬೇಕೆಂದು ಅವಳಿಗೆ ಯಾವತ್ತೂ ತೋಚಿರಲಿಲ್ಲ.

ಮಾರನೆಯ ದಿನ ಅಂಗಡಿಗೆ ರಜೆ. ಸೂಜಿ ಬನಿಯನ್ನು ತೊಟ್ಟು ಪರದೆಯ ಹಿಂದೆ ನಿಂತಳು. ಅಕ್ಕ ಬಟ್ಟಲಲ್ಲಿ ನೀರಿಟ್ಟುಕೊಂಡು ಪಟ್ಟಿ ಅಂಟಿಸತೊಡಗಿದಳು.

"ಉದ್ದ ಪಟ್ಟಿ ಹಾಕ್ಬೇಡ," ಎಂದಳು ಸೂಜಿ. "ಉದ್ದದ್ದು ಹಾಕಿದ್ರೆ ಗುಳಿ ಮೇಲೆ ಸೇತುವೆ ಥರ ನಿಲ್ಲುತ್ತೆ. ತುಂಡು ತುಂಡು ಮಾಡಿ ಒಳಗೆ ಒತ್ತು."

ಅಕ್ಕ ಬೆರಳಗಲದ ತುಂಡುಗಳನ್ನು ಒಳಕ್ಕೆ ಒತ್ತುತ್ತ ಹೋದಳು. ಒತ್ತುತ್ತ ಒತ್ತುತ್ತ ಅವಳ ಕೈ ನಿಧಾನವಾಯಿತು.

"ಇಷ್ಟು ಆಳ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೆ."

"ನೀನು ನೋಡಿದ್ರೆ ತಾನೆ ಗೊತ್ತಾಗೋದು. ಶಾಲು ಹೊದೀ ಅಂತಿದ್ದೆ."

ಅಕ್ಕ ಮತ್ತೆ ಶಾಲಿನ ಮಾತೆತ್ತಲಿಲ್ಲ.

ಸಂಜೆ ಅಚ್ಚು ನೋಡಲು ನರ್ಸಮ್ಮ ಬರುವ ಹೊತ್ತಿಗೆ ಅದು ಗಟ್ಟಿಯಾಗಿ ಬೊಂಬೆಯ ಪಕ್ಕದಲ್ಲಿ ನಿಂತಿತ್ತು. ಬಟ್ಟೆ ಅಲುಗದಂತೆ ಮೇಜಿನ ಮೇಲೆ ಇಡುವ ಮರಳಿನ ಪುಟ್ಟ ಚೀಲಗಳು ಅಂಗಡಿಯಲ್ಲಿದ್ದವು. ಸೂಜಿ ಎರಡು ಚೀಲಗಳನ್ನು ಬೊಂಬೆಯ ಎದೆಗಿಟ್ಟು ಮೇಲೆ ಬಿಗಿಯಾದ ಬನಿಯನ್ನು ಎಳೆದಳು. ನೆಟ್ಟಗೆ ಕೂತವು. ಅವನ್ನೇ ತೆಗೆದು ತನ್ನ ಅಚ್ಚಿನ ಮೇಲಿಟ್ಟು ಹಾಗೇ ಬನಿಯನ್ನು ಎಳೆದಳು. ಎರಡೂ ನಡುವಿನ ಗುಳಿಯ ಕಡೆಗೆ ವಾಲಿದವು. ಬಲಗಡೆಯದು ಇನ್ನೂ ಹೆಚ್ಚು.

ಸೂಜಿ ಬಗ್ಗಿ ನೋಡಿದಳು. ಚೀಲ ಅದಲು ಬದಲು ಮಾಡಿದಳು. ದೊಡ್ಡದಿಟ್ಟಳು, ಚಿಕ್ಕದಿಟ್ಟಳು. ದೊಡ್ಡದಿಟ್ಟಷ್ಟೂ ಒಂದಕ್ಕೊಂದು ಹತ್ತಿರ ಸರಿದವು, ಗುಳಿ ಮಾತ್ರ ಇದ್ದಲ್ಲೇ ಇತ್ತು. ಬೇಸರಕ್ಕಿಂತ ಹೆಚ್ಚಾಗಿ ಈಗ ಅವಳಿಗೆ ಕುತೂಹಲ ಹತ್ತಿತ್ತು.

"ಯಾಕೆ ಹೀಗೆ, ಸಿಸ್ಟರ್?"

"ಆಪರೇಷನ್ನಲ್ಲಿ ಸ್ತನದ ಒಳಗಿಡೋ ಸಿಲಿಕೋನ್ ಚೀಲ ಪಕ್ಕೆಲುಬಿನ ಗೋಡೆಗೆ ಒರಗಿ ಕೂರುತ್ತೆ. ಅದು ಗೋಡೆನ ಸರಿಮಾಡಲ್ಲ. ಗೋಡೆ ಇಳಿಜಾರಾಗಿದ್ರೆ ಅದೂ ವಾಲಬಹುದು. ಇದು ಮರಳು, ನಿನ್ನ ಮೈ ಬೇರೆ, ಹಾಗಾಗಿ ಹೀಗೇ ಆಗುತ್ತೆ ಅಂತ ಹೇಳಲ್ಲ. ಡಾಕ್ಟರಿಗೆ ಏನು ಕೇಳ್ಬೇಕು ಅನ್ನೋದಾದ್ರೂ ಗೊತ್ತಾಯ್ತಲ್ಲ?"

"ಹಾಗಾದ್ರೆ ಬೇಡ ಅನ್ನಿ," ಎಂದಳು ಅಕ್ಕ, ಅವಸರದಿಂದ.

"ಹಾಗಲ್ಲ. ನಿನ್ನ ತಂಗಿಗೆ ಏನು ಬೇಕು ಅನ್ನೋದು ಮೊದಲು ಗೊತ್ತಾಗ್ಬೇಕು. ಅಂಗಿ ತುಂಬಿ ಕಾಣ್ಬೇಕಾ, ಗುಳಿ ಹೋಗ್ಬೇಕಾ? ಎರಡೂ ಒಂದೇ ಅಲ್ಲ."

ಸೋಮವಾರ ಅಕ್ಕನೂ ಜೊತೆಗೆ ಹೋದಳು. ಡಾಕ್ಟರಮ್ಮ ಸೂಜಿಯನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ನೋಡಿದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ ಎಂದು ಕೇಳಿದರು. ಗುಳಿ ಆಳವಾಗಿದ್ದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಒತ್ತಬಹುದು, ಅದನ್ನು ಮೊದಲು ತಿಳಿಯಬೇಕು ಎಂದು ಸ್ಕ್ಯಾನಿಗೆ ಬರೆದುಕೊಟ್ಟರು.

"ಅದು ಸರಿಯಿದ್ರೆ ಎರಡು ಕಡೆನೂ ಸಮ ಆಗುತ್ತಾ, ಡಾಕ್ಟರೇ?" ಎಂದು ಸೂಜಿ ಕೇಳಿದಳು.

"ಹತ್ತಿರ ಹತ್ತಿರ ತರ್ತೀವಿ. ಎರಡು ಕಡೆಗೂ ಬೇರೆ ಬೇರೆ ಅಳತೆದು ಇಡ್ಬೇಕಾಗಬಹುದು. ತದ್ರೂಪ ಆಗುತ್ತೆ ಅಂತ ಮಾತು ಕೊಡಲ್ಲ."

"ಗುಳಿ?"

"ಅದು ಇರುತ್ತೆ. ಅಂಗಿ ತೊಟ್ಟಾಗ ಅಷ್ಟು ಕಾಣದೇ ಇರಬಹುದು, ಕನ್ನಡಿ ಮುಂದೆ ನಿಂತ್ರೆ ಕಾಣುತ್ತೆ. ಮೂಳೆ ಸರಿಮಾಡೋದು, ಗುಳಿ ತುಂಬಿಸೋದು ಬೇರೆ ಆಪರೇಷನ್ನು. ಅದಕ್ಕೆ ಅದರದೇ ಕಷ್ಟನಷ್ಟ ಇದೆ. ಇನ್ನೊಂದು ಮಾತು. ಇಟ್ಟಿದ್ದು ಜೀವನಪೂರ್ತಿ ಬಾಳಲ್ಲ. ಸುತ್ತ ಗಟ್ಟಿಯಾಗಬಹುದು, ಸೋಂಕಾಗಬಹುದು, ಮುಂದೆ ಬದಲಾಯಿಸಬೇಕಾಗಬಹುದು. ಆಗಾಗ ಬಂದು ತೋರಿಸ್ತಿರಬೇಕು. ಮನೆಗೆ ಹೋಗಿ ಯೋಚನೆ ಮಾಡಿ. ಅವಸರ ಇಲ್ಲ."

ಹಿಂತಿರುಗಿ ಬಂದು ಸೂಜಿ ಅಂಗಡಿಯ ಬಾಗಿಲಲ್ಲಿ ನಿಂತು, "ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಗುಳಿ ಇರಬಾರದು ಅಂತ ಆಸೆ ಇತ್ತು ಕಣಕ್ಕಾ," ಎಂದಳು.

ಅಕ್ಕ ಬೀಗ ತೆಗೆಯುತ್ತ, "ಈಗ?" ಎಂದಳು.

"ಈಗ ಅಂಗಿ ಕೂತ್ರೆ ಸಾಕಾ ಅಂತ ಯೋಚನೆ ಮಾಡ್ತಿದೀನಿ."

ತುಂಬಾ ದಿನ ಯೋಚಿಸಿದಳು. ಸ್ಕ್ಯಾನಿನಲ್ಲಿ ಹೃದಯಕ್ಕೂ ಶ್ವಾಸಕೋಶಕ್ಕೂ ತೊಂದರೆ ಕಾಣಲಿಲ್ಲ. ಇನ್ನೊಬ್ಬ ಡಾಕ್ಟರನ್ನೂ ಕಂಡು ಅದೇ ಪ್ರಶ್ನೆಗಳನ್ನು ಕೇಳಿದಳು. ಕೊನೆಗೆ, ತಾನು ಮೊದಲು ಬಯಸಿದ್ದಕ್ಕಿಂತ ಚಿಕ್ಕ ಅಳತೆಯದನ್ನು ಒಪ್ಪಿ ಆಪರೇಷನ್ ಮಾಡಿಸಿಕೊಂಡಳು. ನೋವು ಅವಳೆಣಿಸಿದ್ದಕ್ಕಿಂತ ಹೆಚ್ಚೇ ಇತ್ತು. ಮೆಷಿನ್ನು ತುಳಿಯದೆ ಕೂತ ದಿನಗಳಲ್ಲಿ ಅಕ್ಕನಿಗೆ ಕೆಲಸ ಹೇಳಿ ಹೇಳಿ ಅವಳ ತಲೆ ತಿಂದಳು.

ಗಾಯ ಮಾಗಿದ ಮೇಲೆ ಹೊಸದಾಗಿ ಮೈಯಚ್ಚು ತೆಗೆಸಿಕೊಂಡು, ಅದರ ಮೇಲೇ ಇಟ್ಟು ಬೊಂಬೆಗೆ ತೊಡಿಸಿದಂಥದ್ದೇ ಅಗಲ ಕೊರಳಿನ ನೀಲಿ ಅಂಗಿ ಹೊಲಿದುಕೊಂಡಳು. ಪರದೆಯ ಹಿಂದೆ ಕನ್ನಡಿಯ ಮುಂದೆ ನಿಂತಳು. ಹೊರಗಿನಿಂದ ಅಕ್ಕ ತಡೆಯಲಾರದೆ ಕೇಳಿದಳು:

"ಹೋಯ್ತೇನೇ ಗುಳಿ?"

"ಇಲ್ಲ, ಇಲ್ಲೇ ಇದೆ."

"ಅಯ್ಯೋ, ಮತ್ತೆ?"

"ಇರುತ್ತೆ ಅಂತ ಅವರೇ ಹೇಳಿದ್ರಲ್ಲ. ಕೊರಳಿನ ಹತ್ರ ಒಂಚೂರು ಎಳೀತಿದೆ. ಪಿನ್ನು ತಗೊಂಡ್ಬಾ."

ಅಮ್ಮಂದಿರೇ, ಅಕ್ಕತಂಗಿಯರೇ, ಎದೆಯ ಗೂಡು ಒಳಗೆ ಕುಸಿದಿರುವುದು, ಮುಂದೆ ಉಬ್ಬಿರುವುದು, ಒಂದು ಕಡೆ ವಾಲಿರುವುದು ಯಾರ ತಪ್ಪೂ ಅಲ್ಲ. ಆಪರೇಷನ್ ಬೇಕೋ ಬೇಡವೋ ಎಂಬುದು ನಿಮ್ಮದೇ ತೀರ್ಮಾನ. ಬೇಡವೆಂದರೂ ನಿಮಗೇನೂ ಕಡಿಮೆಯಾಗುವುದಿಲ್ಲ. ಬೇಕೆನಿಸಿದರೆ, ಆ ಕೆಲಸದಲ್ಲಿ ತರಬೇತಿ ಪಡೆದ ಡಾಕ್ಟರಿಗೇ ತೋರಿಸಿ. ಏದುಸಿರು ಬರುತ್ತಿದ್ದರೆ ಮುಚ್ಚಿಡಬೇಡಿ. ಏನೇನು ಸರಿಹೋಗುತ್ತದೆ ಎಂದು ಕೇಳಿದ ಹಾಗೆಯೇ ಏನೇನು ಸರಿಹೋಗುವುದಿಲ್ಲ ಎಂದೂ ಕೇಳಿ. ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಸಲೀಸಾಗಿ ಹೇಳಿದರೆ ಇನ್ನೊಬ್ಬರನ್ನು ಕಾಣಿ. ಬೊಂಬೆಯ ಅಳತೆ ಬೊಂಬೆಗೇ ಇರಲಿ. ನೀವು ನಿಮ್ಮ ಮೈಯ ಅಳತೆ ಹಿಡಿದು ಹೋಗಿ.